ಬೀಗ ಹಾಕಿದ ಮನೆಗಳ ಲೆಕ್ಕ: ಹಲಬ್ಜಾ ಎಂಬ ಊರಿನ ಜನಸಂಖ್ಯೆ

2011ರ ಜನಗಣತಿಯಲ್ಲಿ ನಾನೂ ಒಬ್ಬ ಗಣತಿದಾರನಾಗಿದ್ದೆ. ಶಾಲಾ ಶಿಕ್ಷಕರ ಪಾಲಿಗೆ ತಪ್ಪದೆ ಬರುವ ಕೆಲಸಗಳಲ್ಲಿ ಅದೂ ಒಂದು. ಫೆಬ್ರುವರಿ 9ರಿಂದ 28ರವರೆಗೆ ಮನೆಮನೆಗೆ ಹೋಗಿ ನಮೂನೆ ತುಂಬಬೇಕು, ಮಾರ್ಚ್ 1ರಿಂದ 5ರವರೆಗೆ ಅದೇ ಬೀದಿಗಳನ್ನು ಮತ್ತೊಮ್ಮೆ ಸುತ್ತಿ ಪರಿಷ್ಕರಿಸಬೇಕು. ಎರಡನೆಯ ಸುತ್ತಿನ ನಿಯಮ ಹೀಗಿತ್ತು: ಫೆಬ್ರುವರಿ 28 ಕಳೆದು ಮಾರ್ಚ್ 1 ಹುಟ್ಟುವ ನಡುರಾತ್ರಿಯ ಗಳಿಗೆಯಲ್ಲಿ ಬದುಕಿದ್ದವರಷ್ಟೇ ದೇಶದ ಜನಸಂಖ್ಯೆ, ಅದಕ್ಕೆ ಮುಂಚೆ ತೀರಿಕೊಂಡವರ ಹೆಸರು ಪಟ್ಟಿಯಲ್ಲಿದ್ದರೆ ಹೊಡೆದುಹಾಕಬೇಕು, ಹುಟ್ಟಿದ ಮಗು ಬಿಟ್ಟುಹೋಗಿದ್ದರೆ ಸೇರಿಸಬೇಕು. ಮೊದಲ ಸುತ್ತಿನಲ್ಲಿ ಜಗಲಿಯ ಮೇಲೆ ಕುಳಿತು ತಮ್ಮ ವಯಸ್ಸನ್ನು ಯಾವುದೋ ಬರಗಾಲದ ವರ್ಷದಿಂದ ಎಣಿಸಿ ಹೇಳಿದ್ದ ಹಿರಿಯರೊಬ್ಬರು ಎರಡನೆಯ ಸುತ್ತಿನ ಹೊತ್ತಿಗೆ ಇರಲಿಲ್ಲ. ಫೆಬ್ರುವರಿ 26ರಂದು ಹೋಗಿಬಿಟ್ಟಿದ್ದರು. ನಾನು ಪೆನ್ನು ತೆಗೆದಾಗ ಅವರ ಹೆಂಡತಿ, "ಇವರ ಹೆಸರು ತೆಗೀಬೇಕಾ ಮೇಷ್ಟ್ರೇ?" ಎಂದು ಕೇಳಿದ್ದು ಇಂದಿಗೂ ನೆನಪಿದೆ.

ಆ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೀಗ ಹಾಕಿದ ಮನೆಗಳು. ಎರಡು ಸಲ, ಮೂರು ಸಲ ಹೋದರೂ ಯಾರೂ ಸಿಗದಿದ್ದಾಗ ಪಕ್ಕದ ಮನೆಯವರನ್ನು ವಿಚಾರಿಸುತ್ತಿದ್ದೆವು. ಮಗಳ ಬಾಣಂತನಕ್ಕೆ ಹೋಗಿದ್ದಾರೆ, ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದರು, ಇನ್ನು ಬರುವುದಿಲ್ಲವಂತೆ ಎಂದು ನೆರೆಯವರು ಹೇಳುತ್ತಿದ್ದರು. ಯೋಚಿಸಿದರೆ ಜನಗಣತಿ ಎಂಬ ಇಡೀ ವ್ಯವಸ್ಥೆ ನಿಂತಿರುವುದೇ ಈ ನಂಬಿಕೆಯ ಮೇಲೆ: ಪ್ರತಿ ಮನೆಯಲ್ಲೂ ಉತ್ತರ ಹೇಳಲು ಒಬ್ಬರಾದರೂ ಇರುತ್ತಾರೆ, ಅವರಿಲ್ಲದಿದ್ದರೆ ನೆರೆಯವರಿರುತ್ತಾರೆ.

2024ರ ನವೆಂಬರ್ 20 ಮತ್ತು 21ರಂದು ಇರಾಕಿನಲ್ಲಿ ಜನಗಣತಿ ನಡೆಯಿತು. ಹಳೆಯ ಕಸುಬಿನ ಕುತೂಹಲದಿಂದ ಅದರ ಸುದ್ದಿಗಳನ್ನು ಓದುತ್ತಿದ್ದೆ. ಎರಡು ದಿನ ಇಡೀ ದೇಶಕ್ಕೆ ಕರ್ಫ್ಯೂ ಹಾಕಿ, ಜನರನ್ನು ಮನೆಯಲ್ಲೇ ಇರಿಸಿ, ಗಣತಿದಾರರು ಟ್ಯಾಬ್ಲೆಟ್ ಹಿಡಿದು ಬೀದಿ ಬೀದಿ ಸುತ್ತಿದರು. ನಾವು ಇಪ್ಪತ್ತು ದಿನ ಅಲೆದು ಮಾಡಿದ್ದನ್ನು ಅವರು ಎರಡೇ ದಿನದಲ್ಲಿ ಮುಗಿಸಲು ಹೊರಟದ್ದು ಸೋಜಿಗವೆನಿಸಿತು. ಆದರೆ ಅದಕ್ಕಿಂತ ದೊಡ್ಡ ಸೋಜಿಗ ಬೇರೆಯಿತ್ತು. ಇರಾಕಿನ ಎಲ್ಲ ಪ್ರಾಂತ್ಯಗಳನ್ನೂ ಒಳಗೊಂಡ ಹಿಂದಿನ ಗಣತಿ ನಡೆದದ್ದು 1987ರಲ್ಲಿ. 1997ರಲ್ಲಿ ಇನ್ನೊಂದು ಗಣತಿ ನಡೆದರೂ ಅದು ಉತ್ತರದಲ್ಲಿ ಕುರ್ದ್ ಜನಾಂಗದವರಿರುವ ಕುರ್ದಿಸ್ತಾನದ ಪ್ರಾಂತ್ಯಗಳನ್ನು ಮುಟ್ಟಲಿಲ್ಲ. ಅಂದರೆ ಅಲ್ಲಿನ ಕುರ್ದ್ ಜನ ತಮ್ಮ ಮನೆಯ ಬಾಗಿಲಿನಲ್ಲಿ ನಿಂತು ಗಣತಿದಾರನಿಗೆ ಹೆಸರು ಹೇಳಿ 37 ವರ್ಷಗಳಾಗಿದ್ದವು. ಅಷ್ಟು ಕಾಲ ಇರಾಕಿನಲ್ಲಿ ಜನಸಂಖ್ಯೆ ಅಂದರೆ ಬಹುಮಟ್ಟಿಗೆ ಪಡಿತರ ಚೀಟಿಯ ಪಟ್ಟಿ. ಸದ್ದಾಂ ಪತನದ ಅನಂತರ ಮತದಾರರ ಪಟ್ಟಿಯನ್ನೂ ಅದರ ಆಧಾರದ ಮೇಲೆಯೇ ತಯಾರಿಸಿದರು.

1987ರ ಆ ಗಣತಿ ಏನಾಗಿತ್ತೆಂದು ಹುಡುಕುತ್ತ ಹೋದವನು ಬಂದು ನಿಂತದ್ದು ಹಲಬ್ಜಾ ಎಂಬ ಸಣ್ಣ ನಗರದ ಮುಂದೆ.

ಬಾಗ್ದಾದಿನಿಂದ ಈಶಾನ್ಯಕ್ಕೆ ಸುಮಾರು 240 ಕಿಲೋಮೀಟರ್ ದೂರದಲ್ಲಿ, ಇರಾನಿನ ಗಡಿಯಿಂದ ಹದಿನೈದು ಕಿಲೋಮೀಟರಿನಷ್ಟು ಈಚೆ, ಶಹರಿಜೋರ್ ಎಂಬ ಬಯಲಿನ ಅಂಚಿನಲ್ಲಿ ಈ ಊರಿದೆ. ಬಯಲು ಫಲವತ್ತಾದದ್ದು. ಊರಿನ ಬೆನ್ನಿಗೆ ಹವ್ರಾಮಾನ್ ಪರ್ವತಸಾಲು, ಚಳಿಗಾಲದಲ್ಲಿ ಅದರ ನೆತ್ತಿಯ ಮೇಲೆ ಹಿಮ. ಇನ್ನೊಂದು ದಿಕ್ಕಿನಲ್ಲಿ ಸೀರ್ವಾನ್ ನದಿಗೆ 1961ರಲ್ಲಿ ಕಟ್ಟಿ ಮುಗಿಸಿದ ದರ್ಬಂದಿಖಾನ್ ಅಣೆಕಟ್ಟಿನ ಹಿನ್ನೀರು. ಊರಿನ ದಾಳಿಂಬೆ ಇಡೀ ಇರಾಕಿನಲ್ಲಿ ಹೆಸರುವಾಸಿ. ಕುರ್ದಿ ಭಾಷೆಯಲ್ಲಿ ಅದನ್ನು ಹನಾರ್ ಎನ್ನುತ್ತಾರೆ, ಶರತ್ಕಾಲದಲ್ಲಿ ಅದಕ್ಕೊಂದು ಹಬ್ಬವೇ ನಡೆಯುತ್ತದೆ. ಊರಿನ ಮಾತು ಸೋರಾನಿ ಕುರ್ದಿ, ಬೆಟ್ಟ ಹತ್ತಿದರೆ ಹವ್ರಾಮಿ. ಆಧುನಿಕ ಕುರ್ದಿ ಕಾವ್ಯಕ್ಕೆ ಅರಬ್ಬಿ ಛಂದಸ್ಸಿನ ಕಟ್ಟು ಬಿಡಿಸಿ ಜನಪದರ ಮಟ್ಟುಗಳನ್ನು ತಂದ ಕವಿ ಅಬ್ದುಲ್ಲಾ ಗೋರಾನ್ 1904ರಲ್ಲಿ ಹುಟ್ಟಿದ್ದು ಇಲ್ಲಿಯೇ. ಮುಸ್ಲಿಮರು ಬಹುಸಂಖ್ಯಾತರಾದರೂ ಸುತ್ತಿನ ಕೆಲವು ಹಳ್ಳಿಗಳಲ್ಲಿ ಕಾಕಾಯಿ ಪಂಥದವರಿದ್ದಾರೆ. ಯಹೂದಿಗಳೂ ಇದ್ದರು, 1950ರ ದಶಕದ ಆರಂಭದಲ್ಲಿ ಇರಾಕಿನ ಉಳಿದ ಯಹೂದಿಗಳಂತೆ ಅವರೂ ಇಸ್ರೇಲಿಗೆ ಹೊರಟುಹೋದರು. ಒಂದು ಕೇರಿ ಹಾಗೆ ಲೆಕ್ಕದಿಂದ ಇಳಿಯಿತು.

ಹಲಬ್ಜಾವನ್ನು ಹಳ್ಳಿಯ ಮಟ್ಟದಿಂದ ಪಟ್ಟಣದ ಮಟ್ಟಕ್ಕೆ ಏರಿಸಿದವಳು ಒಬ್ಬ ಹೆಂಗಸು. ಅದೀಲಾ ಖಾನಂ ಹುಟ್ಟಿದ್ದು ಗಡಿಯಾಚೆಯ ಸನಂದಜ್ ನಗರದ ಪ್ರತಿಷ್ಠಿತ ಮನೆತನದಲ್ಲಿ; ಮದುವೆಯಾದದ್ದು ಜಾಫ್ ಬುಡಕಟ್ಟಿನ ಮುಖಂಡನೂ ಹಲಬ್ಜಾದಲ್ಲಿ ತುರ್ಕಿ ಸಾಮ್ರಾಜ್ಯದ ಅಧಿಕಾರಿಯೂ ಆಗಿದ್ದ ಉಸ್ಮಾನ್ ಪಾಷಾನನ್ನು. ಗಂಡ ಊರೂರು ತಿರುಗುತ್ತಿದ್ದಾಗ ಆಡಳಿತವನ್ನು ಈಕೆ ಕೈಗೆತ್ತಿಕೊಂಡಳು. ತವರಿನ ಮಾದರಿಯ ಮನೆಗಳನ್ನೂ ಬಜಾರನ್ನೂ ಕಟ್ಟಿಸಿದಳು, ಸೆರೆಮನೆಯನ್ನು ಕಟ್ಟಿಸಿ ತಾನೇ ನ್ಯಾಯ ಹೇಳಿದಳು. 1909ರಲ್ಲಿ ಮಿರ್ಜಾ ಗುಲಾಂ ಹುಸೇನ್ ಶಿರಾಜಿ ಎಂಬ ಸುಳ್ಳು ಹೆಸರಿನಲ್ಲಿ ಆಕೆಯ ಆಶ್ರಯದಲ್ಲಿ ಲಿಪಿಕಾರನಾಗಿದ್ದ ಆಂಗ್ಲ ಪ್ರವಾಸಿ ಸೋನ್ ಇದನ್ನೆಲ್ಲ ವಿವರವಾಗಿ ಬರೆದಿಟ್ಟಿದ್ದಾನೆ. ತುರ್ಕರು ಊರಿಗೆ ಟೆಲಿಗ್ರಾಫ್ ತಂತಿ ಎಳೆದಾಗ ಅದನ್ನು ಕಡಿದುಹಾಕಿಸಿ, ಮತ್ತೆ ಎಳೆದರೆ ಮತ್ತೆ ಕಡಿಯುತ್ತೇವೆಂದು ಹೇಳಿ ಕಳಿಸಿದರಂತೆ. ಮೊದಲ ಮಹಾಯುದ್ಧದ ಅನಂತರ ಬಂದ ಬ್ರಿಟಿಷರು ಆಕೆಗೆ ಕೊಟ್ಟ ಬಿರುದು ಖಾನ್ ಬಹಾದ್ದೂರ್. ಭಾರತದ ಗಂಡಸರಿಗಾಗಿ ಹೊಲಿಸಿದ್ದ ಅಂಗಿಯನ್ನು ಕುರ್ದಿ ಒಡತಿಗೆ ತೊಡಿಸಿದಂತೆ! ಆ ಕಾಲದಲ್ಲಿ ಇರಾಕಿನಲ್ಲಿ ಚಲಾವಣೆಯಲ್ಲಿದ್ದ ಹಣವೂ ನಮ್ಮ ರೂಪಾಯಿಯೇ. ಆಕೆ 1924ರಲ್ಲಿ ತೀರಿಕೊಂಡಳು. ನಮ್ಮ ಕಾಲದಲ್ಲಿ ನುಖ್ಶಾ ನಾಸಿಹ್ ಎಂಬ ಮಹಿಳೆ ಅದೇ ಊರಿನ ಆಡಳಿತದ ಚುಕ್ಕಾಣಿ ಹಿಡಿದಾಗ ಅಲ್ಲಿನವರಿಗೆ ಈ ಹಳೆಯ ಕಥೆ ನೆನಪಾಗದೆ ಇರಲಾರದು.

ಇನ್ನು 1987ರ ಗಣತಿ. ಆ ವರ್ಷದ ಮಾರ್ಚಿನಲ್ಲಿ ಸದ್ದಾಂ ಹುಸೇನ್ ತನ್ನ ದಾಯಾದಿ ಅಲಿ ಹಸನ್ ಅಲ್-ಮಜೀದನನ್ನು ಉತ್ತರ ಇರಾಕಿನ ಸರ್ವಾಧಿಕಾರಿಯಂತೆ ನೇಮಿಸಿದ್ದ. ಕುರ್ದ್ ಹೋರಾಟಗಾರರ, ಅಂದರೆ ಪೇಶ್ಮರ್ಗಗಳ, ಹಿಡಿತದಲ್ಲಿದ್ದ ಸಾವಿರಾರು ಹಳ್ಳಿಗಳನ್ನು ಆತ "ನಿಷೇಧಿತ ಪ್ರದೇಶ" ಎಂದು ಸಾರಿದ. ಜೂನ್ 20ರಂದು ಹೊರಬಿದ್ದ ಅವನ ಆದೇಶದ ಪ್ರಕಾರ ಆ ಪ್ರದೇಶದಲ್ಲಿ ಸಿಕ್ಕಿಬಿದ್ದ 15ರಿಂದ 70 ವರ್ಷದ ಯಾರನ್ನೇ ಆಗಲಿ ವಿಚಾರಿಸಿ ಕೊಲ್ಲಬೇಕಿತ್ತು. ಅಕ್ಟೋಬರ್ 17ರಂದು ಗಣತಿ ನಡೆಯಿತು. ನಿಷೇಧಿತ ಹಳ್ಳಿಯವರು ಲೆಕ್ಕಕ್ಕೆ ಸೇರಬೇಕಾದರೆ ಮನೆ ಮಠ ಬಿಟ್ಟು, ಹೆದ್ದಾರಿಯ ಬದಿಯಲ್ಲಿ ಸರ್ಕಾರ ಕಟ್ಟಿದ ಮುಜಮ್ಮಅ ಎಂಬ ವಸತಿಗಳಿಗೆ ಬರಬೇಕು. ಬರದಿದ್ದವರು ಇರಾಕಿನ ಪೌರರೇ ಅಲ್ಲ. ನಮೂನೆಯಲ್ಲಿ ಜನಾಂಗದ ಪ್ರಶ್ನೆಗೆ ಇದ್ದದ್ದು ಎರಡೇ ಉತ್ತರ, ಅರಬ್ ಅಥವಾ ಕುರ್ದ್. ಯಜೀದಿಗಳೂ ಅಸ್ಸೀರಿಯನ್ನರೂ ಎರಡರಲ್ಲೊಂದನ್ನು ಒಪ್ಪಿಕೊಳ್ಳಬೇಕಾಯಿತು.

ಗಣತಿದಾರನಾಗಿದ್ದವನಿಗೆ ಇದನ್ನು ಓದುವುದು ಕಷ್ಟ. ನಾವು ಯಾರನ್ನಾದರೂ ಬಿಟ್ಟುಬಿಟ್ಟೆವೇನೋ ಎಂದು ಹೆದರುತ್ತಿದ್ದೆವು. ಅಲ್ಲಿ ಬಿಟ್ಟುಹೋಗುವವರು ಯಾರೆಂದು ಕಂಡುಕೊಳ್ಳುವುದೇ ಗಣತಿಯ ಉದ್ದೇಶವಾಗಿತ್ತು. ನಾಲ್ಕು ತಿಂಗಳು ಕಳೆದು, 1988ರ ಫೆಬ್ರುವರಿ 23ರಂದು, ಅನ್ಫಾಲ್ ಎಂಬ ಹೆಸರಿನ ಸೇನಾ ಕಾರ್ಯಾಚರಣೆ ಆರಂಭವಾಯಿತು. ಅದು ಕುರಾನಿನ ಎಂಟನೆಯ ಅಧ್ಯಾಯದ ಹೆಸರು, ಯುದ್ಧದಲ್ಲಿ ಸಿಕ್ಕಿದ ಕೊಳ್ಳೆ ಎಂಬ ಅರ್ಥದ ಪದ. ಸೆಪ್ಟೆಂಬರ್ 6ರ ಹೊತ್ತಿಗೆ ಎಂಟು ಹಂತಗಳು ಮುಗಿದಿದ್ದವು. ಕುರ್ದಿ ಭಾಷೆಯಲ್ಲಿ ಆ ಪದ ಈಗ ಕ್ರಿಯಾಪದವೂ ಆಗಿದೆ. "ಅವರು ಅನ್ಫಾಲ್ ಆದರು" ಎಂದರೆ ಟ್ರಕ್ಕಿನಲ್ಲಿ ಹೇರಿಕೊಂಡು ಹೋದವರು ಮರಳಲಿಲ್ಲ ಎಂದು ಅರ್ಥ. ಅನ್ಫಾಲಿನಲ್ಲಿ ಸತ್ತವರು ಐವತ್ತು ಸಾವಿರದಿಂದ ಒಂದು ಲಕ್ಷ ಎಂಬುದು ಮಾನವ ಹಕ್ಕು ಸಂಶೋಧಕರ ಅಂದಾಜು. ಕುರ್ದರು ಹೇಳುವ ಸಂಖ್ಯೆ 1,82,000. 1991ರ ಮಾತುಕತೆಯ ಸಮಯದಲ್ಲಿ ಕುರ್ದ್ ನಾಯಕರು ಈ ಸಂಖ್ಯೆಯನ್ನು ಮುಂದಿಟ್ಟಾಗ ಅಲ್-ಮಜೀದ್ ಸಿಟ್ಟಿಗೆದ್ದು, ಇದೇನು ಉತ್ಪ್ರೇಕ್ಷೆ, ಒಂದು ಲಕ್ಷಕ್ಕಿಂತ ಹೆಚ್ಚಾಗಿರಲಾರದು ಎಂದನಂತೆ. ಕೊಂದವನು ಲೆಕ್ಕ ತಿದ್ದಿದ ರೀತಿ ಇದು.

ಹಲಬ್ಜಾದ ಮೇಲೆ ನಡೆದ ದಾಳಿ ಅನ್ಫಾಲಿನ ಕಾಲದಲ್ಲೇ ನಡೆದರೂ, ಅದು ಹಳ್ಳಿಯಾಗಿರದೆ ಸರ್ಕಾರಿ ಕಚೇರಿಗಳಿದ್ದ ನಗರವಾಗಿದ್ದರಿಂದ, ಆ ಕಾರ್ಯಾಚರಣೆಯ ಲೆಕ್ಕದಲ್ಲಿ ಸೇರುವುದಿಲ್ಲ. ಊರಿನ ಜನಸಂಖ್ಯೆ ಆಗ ನಲವತ್ತು ಸಾವಿರವೋ ಅರವತ್ತು ಸಾವಿರವೋ ಎಂಬಲ್ಲಿಯೇ ಅಂದಾಜುಗಳು ಬೇರೆಯಾಗುತ್ತವೆ, ಅದಕ್ಕೆ ಕಾರಣವೂ ಇದೆ. ಸುತ್ತಿನ ಹಳ್ಳಿಗಳನ್ನು ನೆಲಸಮ ಮಾಡಿದಂತೆಲ್ಲ ನಿರಾಶ್ರಿತರು ಬಂದು ನೆಂಟರ ಮನೆಗಳಲ್ಲಿ ತುಂಬಿಕೊಂಡಿದ್ದರು. ಊರೊಳಗಿಂದ ಹೊರಹಾಕಲ್ಪಟ್ಟವರೂ ಇದ್ದರು: 1987ರ ಮೇ ತಿಂಗಳಲ್ಲಿ ಜನ ಬೀದಿಗಿಳಿದು ಪ್ರತಿಭಟಿಸಿದ್ದಕ್ಕೆ ಶಿಕ್ಷೆಯಾಗಿ ಕಾನಿ ಆಶ್ಕಾನ್ ಎಂಬ ಕೇರಿಯನ್ನು ಬುಲ್ಡೋಜರ್ ಹರಿಸಿ ಅಳಿಸಿದ್ದರು. ಆ ಹೆಸರಿನ ಅರ್ಥ ಪ್ರೇಮಿಗಳ ಚಿಲುಮೆ.

ಇರಾನ್-ಇರಾಕ್ ಯುದ್ಧದ ಎಂಟನೆಯ ವರ್ಷ ಅದು. 1988ರ ಮಾರ್ಚ್ 15ರಂದು ಇರಾನಿನ ಸೈನ್ಯವೂ ಅದರ ಜೊತೆಗಿದ್ದ ಪೇಶ್ಮರ್ಗಗಳೂ ಹಲಬ್ಜಾವನ್ನು ಹಿಡಿದರು. ಮರುದಿನ ಬುಧವಾರ. ಕುರ್ದರ ಹೊಸವರ್ಷವಾದ ನವ್ರೋಜಿಗೆ ಐದು ದಿನ ಉಳಿದಿತ್ತು. ಲೆಕ್ಕ ಹಾಕಿ ನೋಡಿದರೆ ನಮ್ಮಲ್ಲಿ ಅದೇ ವಾರ ಯುಗಾದಿ. ಇರಾಕಿನ ವಿಮಾನಗಳು ಮೊದಲು ಸಾಮಾನ್ಯ ಬಾಂಬುಗಳನ್ನು ಹಾಕಿದವು. ಯುದ್ಧಕ್ಕೆ ಪಳಗಿದ್ದ ಜನ ವಾಡಿಕೆಯಂತೆ ನೆಲಮಾಳಿಗೆಗಳಿಗೂ ಮನೆಯ ಬಳಿ ಅಗೆದಿಟ್ಟುಕೊಂಡಿದ್ದ ಆಶ್ರಯಗಳಿಗೂ ಇಳಿದರು. ಕಿಟಕಿಯ ಗಾಜುಗಳೆಲ್ಲ ಒಡೆದುಹೋದ ಮೇಲೆ ಎರಡನೆಯ ಬಗೆಯ ಬಾಂಬುಗಳು ಬಿದ್ದವು. ಅವುಗಳ ಸದ್ದು ಕಡಿಮೆ. ಬದುಕುಳಿದವರಲ್ಲಿ ಹಲವರು ಸೇಬಿನ ಸಿಹಿ ವಾಸನೆ ಬಂತೆಂದು ಹೇಳಿದ್ದಾರೆ, ಇನ್ನು ಕೆಲವರು ಬೆಳ್ಳುಳ್ಳಿಯ ವಾಸನೆ ಎಂದಿದ್ದಾರೆ. ಸಾಸಿವೆ ಅನಿಲ, ಸಾರಿನ್, ತಾಬುನ್ ಇತ್ಯಾದಿ ವಿಷಗಳ ಬೆರಕೆ ಅದು. ಇವು ಗಾಳಿಗಿಂತ ಭಾರ. ತಗ್ಗನ್ನು ಹುಡುಕಿಕೊಂಡು ಹೋಗುತ್ತವೆ. ಯಾವ ನೆಲಮಾಳಿಗೆ ಏಳು ವರ್ಷ ಜನರನ್ನು ಕಾದಿತ್ತೋ ಅದೇ ನೆಲಮಾಳಿಗೆಗೆ ವಿಷ ಇಳಿಯಿತು. ಅದಕ್ಕೆ ಕುರ್ದಿಯಲ್ಲಿ ಕೀಮಿಯಾಬಾರಾನ್ ಎಂಬ ಪದ ಹುಟ್ಟಿದೆ, ರಾಸಾಯನಿಕದ ಮಳೆ ಎಂದು.

ಸತ್ತವರು 5,000, ಗಾಯಗೊಂಡವರು 7,000ದಿಂದ 10,000 ಎಂಬುದು ಎಲ್ಲೆಡೆ ಕಾಣುವ ಲೆಕ್ಕ. ಇಂತಹ ದುಂಡು ಸಂಖ್ಯೆ ಕಂಡರೆ ಗಣತಿ ಮಾಡಿದವರಿಗೆ ಅನುಮಾನ ಬರುವುದು ಸಹಜ, ಏಕೆಂದರೆ ನಿಜವಾಗಿ ಎಣಿಸಿದ ಸಂಖ್ಯೆಗಳ ಕೊನೆಯಲ್ಲಿ ಮೂರು ಸೊನ್ನೆ ಬರುವುದು ಅಪರೂಪ. ಬದುಕುಳಿದವರನ್ನು ಒಬ್ಬೊಬ್ಬರಾಗಿ ಮಾತನಾಡಿಸಿ, ಸತ್ತವರ ಹೆಸರು ಬರೆದುಕೊಂಡು ತಯಾರಿಸಿದ ಒಂದು ಪಟ್ಟಿಯಲ್ಲಿ 3,200ರಷ್ಟು ಹೆಸರುಗಳಿದ್ದವೆಂದು ಮಾನವ ಹಕ್ಕು ಸಂಶೋಧಕರು ದಾಖಲಿಸಿದ್ದಾರೆ. ಅವರ ಅಂದಾಜಿನ ಮೇಲ್ಮಿತಿ ಐದು ಸಾವಿರವನ್ನೂ ಮೀರುತ್ತದೆ. ಹೆಸರಿರುವ ಸಂಖ್ಯೆ ಚಿಕ್ಕದು, ಅಂದಾಜಿನದು ದೊಡ್ಡದು ಎಂದೊಡನೆ ಕೆಲವರು ಅಂದಾಜನ್ನು ಉತ್ಪ್ರೇಕ್ಷೆ ಎಂದುಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ, ಬೀಗ ಹಾಕಿದ ಮನೆಗಳ ಮುಂದೆ ನಿಂತಿದ್ದವನ ತರ್ಕ ಬೇರೆ. ಸತ್ತವನ ಹೆಸರನ್ನು ಹೇಳಲು ಬದುಕಿದವನೊಬ್ಬ ಬೇಕು. ತಂದೆ ತಾಯಿ ಮಕ್ಕಳೆಲ್ಲ ಒಂದೇ ನೆಲಮಾಳಿಗೆಯಲ್ಲಿ ಹೋದ ಮನೆಯ ಹೆಸರುಗಳನ್ನು ಪಕ್ಕದ ಮನೆಯವರು ಹೇಳಬೇಕು. ಪಕ್ಕದ ಮನೆಯವರು ಇರಾನಿನ ಕಡೆಗೆ ಓಡುವ ದಾರಿಯಲ್ಲಿ ಬಿದ್ದಿದ್ದಾರೆ. ಹಳ್ಳಿಯಿಂದ ಬಂದು ಮೂರು ತಿಂಗಳಿನಿಂದ ನೆಂಟರ ಮನೆಯಲ್ಲಿದ್ದ ಕುಟುಂಬದ ಕೂಸಿನ ಹೆಸರು ಆ ಬೀದಿಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಹೆಸರಿನ ಪಟ್ಟಿ ಮತ್ತು ಅಂದಾಜಿನ ನಡುವಿನ ಅಂತರದಲ್ಲಿ ಇರುವವರು ಇವರೇ ಎಂದು ನಾನು ತಿಳಿದಿದ್ದೇನೆ.

ಶವಗಳನ್ನು ಹೂಳಿದ್ದೂ ಎಣಿಕೆಗೆ ಅನುಕೂಲವಾಗುವ ರೀತಿಯಲ್ಲಲ್ಲ. ಊರನ್ನು ಹಿಡಿದಿದ್ದ ಇರಾನಿ ಸೈನಿಕರು ಅವಸರದಲ್ಲಿ ಸಾಮೂಹಿಕ ಗುಂಡಿಗಳನ್ನು ತೋಡಿ, ತೆಳುವಾಗಿ ಮಣ್ಣು ಮುಚ್ಚಿದರು. ಅದಕ್ಕೆ ಮುಂಚೆ ಹೊರದೇಶಗಳ ಪತ್ರಕರ್ತರನ್ನು ಕರೆತಂದು ತೋರಿಸಿದರು. ಜಗತ್ತು ಹಲಬ್ಜಾವನ್ನು ನೋಡಿದ್ದು ಆ ಚಿತ್ರಗಳಲ್ಲಿ. ಅವುಗಳಲ್ಲಿ ಒಂದು, ತುರ್ಕಿಯ ಪತ್ರಕರ್ತ ರಮಜಾನ್ ಓಜ್ತುರ್ಕ್ ತೆಗೆದದ್ದು: ಮನೆಯೊಂದರ ಹೊಸ್ತಿಲ ಬಳಿ ಕುರ್ದಿ ಉಡುಪಿನ ಗಂಡಸೊಬ್ಬ ಬಿದ್ದಿದ್ದಾನೆ, ಅವನ ತೋಳಿನಲ್ಲಿ ಬಟ್ಟೆ ಸುತ್ತಿದ ಶಿಶು. ಮಗುವಿನ ಮುಖ ಮಾತ್ರ ಹೊರಗಿದೆ. ರಕ್ತವಿಲ್ಲ, ಗಾಯವಿಲ್ಲ. ಒಮರ್ ಖಾವರ್ ಎಂದು ಆತನ ಹೆಸರು. ಹೆಣ್ಣುಮಕ್ಕಳ ಸಾಲಿನ ಅನಂತರ ಹುಟ್ಟಿದ ಗಂಡು ಮಗು ಅದೆಂದು ಊರಿನವರು ಹೇಳುತ್ತಾರೆ. ಈಗ ಹಲಬ್ಜಾದಲ್ಲಿ ಅದೇ ಭಂಗಿಯ ಪ್ರತಿಮೆಗಳಿವೆ. ಆತ ಹೊಸ್ತಿಲಿನಿಂದ ಹೊರಗೆ ಬರುತ್ತಿದ್ದನೋ ಒಳಗೆ ಹೋಗುತ್ತಿದ್ದನೋ ಎಂದು ಚಿತ್ರವನ್ನು ನೋಡಿದಾಗಲೆಲ್ಲ ಯೋಚಿಸುತ್ತೇನೆ.

ಚಿತ್ರಗಳು ಹರಡಿದರೂ ಹೊರಗಿನ ಸರ್ಕಾರಗಳು ಕಣ್ಣು ಬಿಡಲು ಅವಸರ ಮಾಡಲಿಲ್ಲ. ಇರಾಕ್ ಆಗ ಪಶ್ಚಿಮದ ದೇಶಗಳಿಗೆ ಬೇಕಾಗಿದ್ದ ದೇಶ. ಇರಾನೂ ವಿಷಾನಿಲ ಬಳಸಿರಬಹುದು ಎಂಬ ಮಾತು ಅಮೆರಿಕದ ಕಡೆಯಿಂದಲೇ ಬಂತು. ಮೇ 9ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ 612ನೆಯ ನಿರ್ಣಯ ರಾಸಾಯನಿಕ ಅಸ್ತ್ರಗಳ ಬಳಕೆಯನ್ನು ಖಂಡಿಸಿತು, ಬಳಸಿದವರು ಯಾರೆಂದು ಬೊಟ್ಟು ಮಾಡಲಿಲ್ಲ. ವಿಷಕ್ಕೆ ಬೇಕಾದ ಕಚ್ಚಾ ಸಾಮಗ್ರಿಯನ್ನು ಇರಾಕಿಗೆ ಮಾರಿದ್ದ ಡಚ್ ವ್ಯಾಪಾರಿ ಫ್ರಾನ್ಸ್ ವಾನ್ ಆನ್ರಾಟ್‌ಗೆ ನೆದರ್‌ಲ್ಯಾಂಡ್ಸಿನ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2005ರಲ್ಲಿ. ಅಲ್-ಮಜೀದನಿಗೆ ಹಲಬ್ಜಾ ಪ್ರಕರಣದಲ್ಲಿ ಮರಣದಂಡನೆಯಾದದ್ದು 2010ರ ಜನವರಿಯಲ್ಲಿ. ಅದೇ ತಿಂಗಳ 25ರಂದು ಗಲ್ಲಿಗೇರಿಸಿದರು. ಮಾರ್ಚ್ 1ರಂದು ಇರಾಕಿನ ಉನ್ನತ ಅಪರಾಧ ನ್ಯಾಯಾಲಯ ಹಲಬ್ಜಾದಲ್ಲಿ ನಡೆದದ್ದು ಜನಾಂಗಹತ್ಯೆ ಎಂದು ಘೋಷಿಸಿತು. ನ್ಯಾಯ ಅಲ್ಲಿಗೆ ಬರಲು ಇಪ್ಪತ್ತೆರಡು ವರ್ಷ ಹಿಡಿಯಿತು.

ಅಷ್ಟು ಹೊತ್ತಿಗೆ ಜನಸಂಖ್ಯೆ ಒಮ್ಮೆ ಸೊನ್ನೆಗೂ ಇಳಿದು ಬಂದಿತ್ತು. ಬದುಕುಳಿದವರು ಇರಾನಿನ ಶಿಬಿರಗಳಿಗೂ ಆಸ್ಪತ್ರೆಗಳಿಗೂ ಚದುರಿಹೋದರು. 1988ರ ಜುಲೈನಲ್ಲಿ ಇರಾಕಿ ಸೈನ್ಯ ಮರಳಿ ಬಂದಾಗ ಕೊಲ್ಲಲು ಜನರಿರಲಿಲ್ಲ, ಹಾಗಾಗಿ ಕಟ್ಟಡಗಳನ್ನು ಡೈನಮೈಟ್ ಇಟ್ಟು ಉರುಳಿಸಿತು. ಪ್ರಾಂತ್ಯದ ದೊಡ್ಡ ನಗರವಾದ ಸುಲೈಮಾನಿಯಾದ ದಾರಿಯಲ್ಲಿ, ಹಳೆಯ ಊರಿನಿಂದ ದೂರ, "ಹೊಸ ಹಲಬ್ಜಾ" ಎಂಬ ಸರ್ಕಾರಿ ವಸತಿ ಎದ್ದಿತು. ಅದು ಇಂದಿಗೂ ಇದೆ. ಹೀಗಾಗಿ ಹಲಬ್ಜಾದವರೆಷ್ಟು ಎಂದು ಕೇಳಿದರೆ ಯಾವ ಹಲಬ್ಜಾ ಎಂದು ಮರುಪ್ರಶ್ನೆ ಹಾಕಬೇಕಾದ ಸ್ಥಿತಿ. 1991ರ ಬಂಡಾಯದ ಅನಂತರ ಕುರ್ದ್ ಪ್ರದೇಶ ಸ್ವಾಯತ್ತವಾದ ಮೇಲೆ ಜನ ಹಳೆಯ ಊರಿಗೆ ಹಿಂದಿರುಗಿದರು. ತಮ್ಮ ಮನೆಯ ಜಾಗವನ್ನು ಕಲ್ಲಿನ ರಾಶಿಗಳ ನಡುವೆ ಗುರುತಿಸಿಕೊಂಡು ಕಟ್ಟಿಕೊಂಡರು. 1990ರ ದಶಕದಲ್ಲಿ ಇಸ್ಲಾಮಿಕ್ ಚಳವಳಿಯ ಪಕ್ಷದ ಆಡಳಿತ ಬಂತು. 2001ರ ಹೊತ್ತಿಗೆ ಮೇಲಿನ ಬೆಟ್ಟದ ಊರುಗಳಲ್ಲಿ ಅನ್ಸಾರ್ ಅಲ್-ಇಸ್ಲಾಂ ಎಂಬ ಉಗ್ರರ ಗುಂಪು ಬೇರೂರಿತು, 2003ರ ಮಾರ್ಚಿನಲ್ಲಿ ಅಮೆರಿಕ ಅದರ ಮೇಲೆ ಬಾಂಬು ಸುರಿಯಿತು. 2017ರ ನವೆಂಬರ್ 12ರ ರಾತ್ರಿ 7.3ರ ತೀವ್ರತೆಯ ಭೂಕಂಪದ ಕೇಂದ್ರವೂ ಹಲಬ್ಜಾದ ಹತ್ತಿರವೇ. ಆ ಸಲ ಸಾವಿನ ಪಾಲು ಹೆಚ್ಚಾಗಿ ಗಡಿಯಾಚೆಗೆ ಹೋಯಿತು.

ಊರಿನ ಸ್ಮಾರಕದ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. 2003ರ ಸೆಪ್ಟೆಂಬರ್ 15ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪವೆಲ್ ಬಂದು ಅದನ್ನು ಉದ್ಘಾಟಿಸಿದರು. ಆಕಾಶಕ್ಕೆ ಚಾಚಿದ ಕೈಗಳಂತಿರುವ ಎತ್ತರದ ಕಟ್ಟಡ. ಒಳಗಿನ ದುಂಡು ಕೋಣೆಯ ಗೋಡೆಗಳ ಮೇಲೆ ಸತ್ತವರ ಹೆಸರುಗಳು. ಅವುಗಳನ್ನು ಓದುತ್ತ ಹೋದರೆ ಒಂದೇ ತಂದೆಯ ಹೆಸರು ಸಾಲು ಸಾಲಾಗಿ ಮರುಕಳಿಸುವುದು ಕಾಣುತ್ತದೆ, ಏಕೆಂದರೆ ಕುರ್ದರಲ್ಲಿ ತಂದೆಯ, ತಾತನ ಹೆಸರುಗಳು ಮಕ್ಕಳ ಹೆಸರಿಗೆ ಬೆನ್ನುಹತ್ತಿ ಬರುತ್ತವೆ. ನಮ್ಮ ಕುಟುಂಬ ನಮೂನೆಗಳೂ ಹಾಗೆಯೇ ಇದ್ದವು: ಯಜಮಾನನ ಹೆಸರು, ಅದರಡಿ ಅವನಿಗೆ ಏನಾಗಬೇಕೆಂಬ ಕಲಮು. ಆಚೆಯ ಸ್ಮಶಾನದಲ್ಲಿ ಬಿಳಿಯ ಕಲ್ಲುಗಳ ಸಾಲುಗಳಿವೆ, ಪ್ರವೇಶದ ಬಳಿ ಸದ್ದಾಂನ ಬಾಥ್ ಪಕ್ಷದವರಿಗೆ ಒಳಗೆ ಬರಲು ಅವಕಾಶವಿಲ್ಲ ಎಂಬ ಫಲಕವಿದೆ.

2006ರ ಮಾರ್ಚ್ 16ರಂದು, ದಾಳಿಯ ಹದಿನೆಂಟನೆಯ ವರ್ಷದಂದು, ಈ ಸ್ಮಾರಕಕ್ಕೆ ಬೆಂಕಿ ಹಚ್ಚಿದವರು ಹಲಬ್ಜಾದ ಜನರೇ. ವರ್ಷಕ್ಕೊಮ್ಮೆ ಗಣ್ಯರು ಕಾರುಗಳ ಸಾಲಿನಲ್ಲಿ ಬಂದು, ಸತ್ತವರ ಬಗ್ಗೆ ಭಾಷಣ ಮಾಡಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಊರಿಗೆ ಸರಿಯಾದ ರಸ್ತೆಯಿಲ್ಲ, ಕುಡಿಯುವ ನೀರಿಲ್ಲ, ವಿಷ ಕುಡಿದ ಶ್ವಾಸಕೋಶಗಳಿಗೆ ಔಷಧವಿಲ್ಲ ಎಂಬ ಸಿಟ್ಟು ಅದು. ಭದ್ರತಾ ಪಡೆಯ ಗುಂಡಿಗೆ ಒಬ್ಬ ಹದಿಹರೆಯದ ಹುಡುಗ ಸತ್ತ. ಸ್ಮಾರಕದೊಳಗಿದ್ದ ಬಹಳಷ್ಟು ದಾಖಲೆಗಳು ಬೂದಿಯಾದವು. ಹೊರಗಿನವರಿಗೆ ಇದು ಆಘಾತವಾಗಿತ್ತು. ನನಗೆ ಆ ದಿನದ ಸಿಟ್ಟು ಅರ್ಥವಾಗುತ್ತದೆ, ಹೆಸರುಗಳಿದ್ದ ಮನೆಗೆ ಬೆಂಕಿ ಹಚ್ಚಿದ್ದು ಮಾತ್ರ ಒಪ್ಪಲಾಗುವುದಿಲ್ಲ. ಐದು ಸಾವಿರ ಸತ್ತವರಿಂದ ಹೆಸರಾದ ಊರಿನಲ್ಲಿ ಬದುಕಿರುವ ಹತ್ತಾರು ಸಾವಿರ ಜನ ಲೆಕ್ಕಕ್ಕೇ ಇಲ್ಲ ಎಂಬ ಭಾವನೆಯನ್ನು ಅವರು ಬೇರೆ ಹೇಗೆ ಹೇಳಬಹುದಿತ್ತೋ ತಿಳಿಯದು. ಕಟ್ಟಡವನ್ನು ಅನಂತರ ದುರಸ್ತಿ ಮಾಡಿದರು.

ಲೆಕ್ಕಕ್ಕೆ ಬರುವ ಇನ್ನೊಂದು ದಾರಿ ಆಡಳಿತದ್ದು. ಹಲಬ್ಜಾವನ್ನು ಸುಲೈಮಾನಿಯಾದಿಂದ ಬೇರ್ಪಡಿಸಿ ಪ್ರಾಂತ್ಯವಾಗಿಸಬೇಕೆಂಬ ಬೇಡಿಕೆಗೆ 2014ರಲ್ಲಿ ಕುರ್ದಿಸ್ತಾನದ ಸರ್ಕಾರ ಒಪ್ಪಿತು. ಅರ್ಬಿಲ್, ಸುಲೈಮಾನಿಯಾ, ದುಹೋಕ್‌ಗಳ ಜೊತೆಗೆ ಅಲ್ಲಿ ಅದು ನಾಲ್ಕನೆಯದಾಯಿತು. ಬಾಗ್ದಾದಿನ ಸಂಸತ್ತು ಒಪ್ಪಲು ಮತ್ತೆ ಹನ್ನೊಂದು ವರ್ಷ ಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಹಲಬ್ಜಾ ಇರಾಕಿನ 19ನೆಯ ಪ್ರಾಂತ್ಯವಾಯಿತು. ಇಡೀ ಪ್ರಾಂತ್ಯದ ಜನಸಂಖ್ಯೆ ಲಕ್ಷದ ಆಸುಪಾಸಿನದು, ನಮ್ಮ ಒಂದು ಸಣ್ಣ ತಾಲ್ಲೂಕಿನಷ್ಟು. ಇಷ್ಟು ಚಿಕ್ಕ ಊರಿಗೆ ಪ್ರಾಂತ್ಯದ ಪಟ್ಟ ಯಾಕೆ ಎಂದು ಕೇಳುವವರು ಇದ್ದರು, ಅವರ ಪ್ರಶ್ನೆ ಅಂಕಗಣಿತದ ದೃಷ್ಟಿಯಿಂದ ತಪ್ಪಲ್ಲ. ಆದರೆ ಪ್ರಾಂತ್ಯವೆಂದರೆ ಬಜೆಟ್ಟಿನಲ್ಲಿ ಸ್ವಂತ ಪಾಲು, ಸ್ವಂತ ಕಚೇರಿಗಳು, ಆಸ್ಪತ್ರೆಗೆ ದಾರಿ. ಈ ಊರಿನ ಜನಸಂಖ್ಯೆ ಚಿಕ್ಕದಾಗಿರುವುದಕ್ಕೆ ಊರು ಒಂದೇ ಕಾರಣವಲ್ಲ ಎಂಬುದೂ ಆ ಲೆಕ್ಕದಲ್ಲಿ ಸೇರಬೇಕಾದ ಮಾತು.

2024ರ ಗಣತಿಯ ನಮೂನೆಯಲ್ಲಿ ಧರ್ಮದ ಕಲಮು ಇತ್ತು, ಜನಾಂಗದ ಕಲಮು ಇರಲಿಲ್ಲ. ಅರಬ್ಬರು ಎಷ್ಟು, ಕುರ್ದರು ಎಷ್ಟು ಎಂಬ ಸಂಖ್ಯೆ ಹೊರಬಂದರೆ ಕಿರ್ಕುಕ್‌ನಂತಹ ವಿವಾದದ ಊರುಗಳಲ್ಲಿ ಜಗಳ ಹೊತ್ತಿಕೊಳ್ಳಬಹುದೆಂಬ ಭಯದಿಂದ ಅದನ್ನು ಕೈಬಿಟ್ಟಿದ್ದರು. 1987ರಲ್ಲಿ ಕುರ್ದ್ ಎಂದು ಬರೆಸಿದ್ದ ಮನೆಯ ಹಿರಿಯರನ್ನು ಈ ಸಲ ಯಾರೂ ಆ ಪ್ರಶ್ನೆ ಕೇಳಲಿಲ್ಲ.

ಕಡೆಯದಾಗಿ ಸತ್ತವರ ಪಟ್ಟಿಯಿಂದ ತೆಗೆಯಬೇಕಾದ ಹೆಸರುಗಳ ಮಾತು. ದಾಳಿಯ ಗೊಂದಲದಲ್ಲಿ ತಂದೆತಾಯಿಯರಿಂದ ಬೇರಾದ ಮಕ್ಕಳನ್ನು ಇರಾನಿ ಸೈನಿಕರು ಎತ್ತಿಕೊಂಡು ಗಡಿಯಾಚೆ ಸಾಗಿಸಿದ್ದರು. ಅವರಲ್ಲಿ ಹಲವರನ್ನು ಅಲ್ಲಿನ ಕುಟುಂಬಗಳು ಸಾಕಿದವು. ಹಾಗೆ ಮಶ್ಹದ್ ನಗರದಲ್ಲಿ ಪಾರ್ಸಿ ಮಾತನಾಡುತ್ತ ಬೆಳೆದ ಯುವಕನೊಬ್ಬ, ಸಾಕುತಾಯಿ ತೀರಿಕೊಂಡ ಮೇಲೆ, 2009ರಲ್ಲಿ ತನ್ನವರನ್ನು ಹುಡುಕಿಕೊಂಡು ಹಲಬ್ಜಾಕ್ಕೆ ಬಂದ. ದಾಳಿಯಾದಾಗ ಅವನು ಹಾಲುಗೂಸು. ಅದೇ ವಯಸ್ಸಿನ ಮಗುವನ್ನು ಕಳೆದುಕೊಂಡಿದ್ದ ಒಂದಕ್ಕಿಂತ ಹೆಚ್ಚು ಕುಟುಂಬಗಳು, ಇವನು ನಮ್ಮವನಿರಲಿ ಎಂದು ಪ್ರಾರ್ಥಿಸುತ್ತ ಡಿಎನ್‌ಎ ಪರೀಕ್ಷೆಗೆ ರಕ್ತ ಕೊಟ್ಟವು. ಫಲಿತಾಂಶ ಓದುವ ದಿನ ಅವರೆಲ್ಲ ಒಂದೇ ಸಭಾಂಗಣದಲ್ಲಿ ಕುಳಿತಿದ್ದರು. ಒಬ್ಬ ತಾಯಿಯ ಹೆಸರು ಬಂತು. ಮಗನಿಗೆ ಕುರ್ದಿ ಬಾರದು, ತಾಯಿಗೆ ಪಾರ್ಸಿ ಬಾರದು. ದುಭಾಷಿಯ ಸಹಾಯದಿಂದ ಮಾತು ಆರಂಭವಾಯಿತು. ಉಳಿದ ಕುಟುಂಬಗಳು ಆ ಸಂಜೆ ಮನೆಗೆ ಮರಳಿದವು, ಗಡಿಯಾಚೆಯಿಂದ ಇನ್ನೊಬ್ಬ ಬರುವವರೆಗೆ.